ಮೂರು ವರ್ಷ ಬಳಸಿದ ಸ್ಕ್ರೀನ್ ರೀಡರ್: ಮಲಯಾಳ ಬಂದರೆ ಮೌನ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಲ್ಲಿ ಲಾಟರಿ ಟಿಕೆಟು ಮಾರುವ ನನಗೆ ದೃಷ್ಟಿ ಇಲ್ಲ. ಫೋನಿನಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನು ಕನ್ನಡ ಧ್ವನಿಯಲ್ಲಿ ಬಳಸಲಾರಂಭಿಸಿ ಮೂರು ವರ್ಷಗಳಾದವು. ಅದರ ಸವಲತ್ತುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿರುವುದರಿಂದ ನಾನು ಹಣದ ವಿಷಯವನ್ನಷ್ಟೇ ಹೇಳುತ್ತೇನೆ.

ಬೆಳಗ್ಗೆ ಟಿಕೆಟುಗಳನ್ನು ಜೋಡಿಸಿಕೊಂಡ ಮೇಲೆ, ನೂರೈವತ್ತು ರೂಪಾಯಿಯ ಇಯರ್‌ಫೋನಿನ ಒಂದು ತುದಿಯನ್ನು ಎಡಗಿವಿಗೆ ಸಿಕ್ಕಿಸಿ ಇನ್ನೊಂದನ್ನು ಅಂಗಿಯ ಮೇಲೆ ಇಳಿಬಿಡುತ್ತೇನೆ. ಬಲಗಿವಿ ರಸ್ತೆಗೂ ಗಿರಾಕಿಗಳಿಗೂ ಬೇಕು. ಆಮೇಲೆ ಪರದೆಯನ್ನು ಕಪ್ಪಾಗಿಸುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ಖಾತೆಯ ಮೊತ್ತವೂ ಕಾಣದು, ಒಟಿಪಿಯೂ ಕೇಳದು. "ಅಣ್ಣಾ, ದುಡ್ಡು ಹಾಕಿದೆ, ಇದಾ ನೋಡಿ" ಎಂದು ಯಾರಾದರೂ ತಮ್ಮ ಫೋನನ್ನು ನನ್ನ ಮುಖದ ಮುಂದೆ ಹಿಡಿದರೆ (ಹಿಡಿಯುವವರಿದ್ದಾರೆ!), ನನ್ನ ಎಡಗಿವಿ ಹೌದೆನ್ನುವ ತನಕ ಟಿಕೆಟು ಕೈಬಿಡುವುದಿಲ್ಲ. ಒಮ್ಮೆ ಬ್ಯಾಂಕಿನವನೆಂದು ಕರೆ ಮಾಡಿದವನೊಬ್ಬ, ನನಗೆ ಕಾಣುವುದಿಲ್ಲವೆಂದು ತಿಳಿದೊಡನೆ ಬಹಳ ಮರುಕದಿಂದ, ಒಂದು ಆಪ್ ಹಾಕಿಕೊಂಡರೆ ತಾನೇ ನನ್ನ ಪರದೆ ನೋಡಿ ಎಲ್ಲವನ್ನೂ ಸರಿಮಾಡಿಕೊಡುವುದಾಗಿ ಹೇಳಿದ. ಪಕ್ಕದವರಿಂದ ಮುಚ್ಚಿಟ್ಟದ್ದನ್ನು ಎಲ್ಲಿಯವನೋ ಒಬ್ಬನಿಗೆ ತೆರೆದಿಟ್ಟಂತಾಗುತ್ತಿತ್ತು. ಕರೆ ಕಡಿದೆ.

ಅಷ್ಟರವರೆಗೆ ಐದಕ್ಕೆ ಐದು ಕೊಡುತ್ತಿದ್ದೆ. ಕಳೆದ ವರ್ಷ ಶಾಖೆಯಲ್ಲಿ ಕೆವೈಸಿ ನವೀಕರಿಸುವಾಗ ಸಂದೇಶದ ಭಾಷೆ ಮಲಯಾಳವೆಂದು ದಾಖಲಾಯಿತು. ಅಂದಿನಿಂದ ಬ್ಯಾಂಕಿನ ಸಂದೇಶ ಬಂದಾಗ ಕನ್ನಡ ಧ್ವನಿ ಅಂಕೆಗಳನ್ನು ಮಾತ್ರ ಓದಿ, ಮಲಯಾಳ ಲಿಪಿ ಎದುರಾದೊಡನೆ ಸುಮ್ಮನಾಗುತ್ತದೆ. ಮೇ ತಿಂಗಳ ಕೊನೆಯಲ್ಲೊಮ್ಮೆ "436" ಎಂದಿತು, ಮತ್ತೆ ಮಾತಿಲ್ಲ. ಬಂದದ್ದೋ, ಹೋದದ್ದೋ? ಪಕ್ಕದ ಅಂಗಡಿಯವರಿಗೆ ತೋರಿಸೋಣವೆಂದರೆ, ಯಾರಿಗೂ ತೋರಿಸಬಾರದೆಂದೇ ಅಲ್ಲವೇ ಇಷ್ಟೆಲ್ಲ ಕಟ್ಟುಪಾಡು? ವಾರ ಕಳೆದು ಶಾಖೆಗೆ ಹೋದಾಗ, ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ವಾರ್ಷಿಕ ಕಂತೆಂದು ತಿಳಿಯಿತು. ವಂಚನೆಯಾಗಿದ್ದರೆ ನನ್ನ ಗತಿ ಬೇರೆಯೇ ಆಗುತ್ತಿತ್ತು. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ಬ್ಯಾಂಕಿನ ತಪ್ಪಾಗಲಿ ಗ್ರಾಹಕನ ತಪ್ಪಾಗಲಿ ಇಲ್ಲದೆ ಹೊರಗಿನವರ ಕೈಚಳಕದಿಂದ ಹಣ ಹೋದಾಗ, ಬ್ಯಾಂಕಿನ ಸಂದೇಶ ಸಿಕ್ಕಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಮಾತ್ರ ಗ್ರಾಹಕನ ಮೇಲೆ ಏನೂ ಹೊರೆ ಬೀಳುವುದಿಲ್ಲ. ನನಗೆ ಸಂದೇಶ ಸಿಕ್ಕಿತ್ತು, ಕೇಳಿಸಿರಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಾದರೂ ಹಣ ಹೋದದ್ದು ಮೊದಲು ಗೊತ್ತಾಗಬೇಕಲ್ಲ.

ಕಾಸರಗೋಡಿನ ಹೆಚ್ಚಿನವರಂತೆ ನನಗೂ ಮಲಯಾಳ ಕೇಳಿದರೆ ಅರ್ಥವಾಗುತ್ತದೆ. ಆದ್ದರಿಂದ ಮಲಯಾಳ ಧ್ವನಿಯನ್ನೂ ಇಳಿಸಿಕೊಂಡಿದ್ದೇನೆ. ಆದರೆ ನನ್ನ ಹಳೆಯ ಫೋನಿನಲ್ಲಿ ಅದು ತಾನಾಗಿ ಬದಲಾಗದು, ಪ್ರತಿ ಬಾರಿಯೂ ಸೆಟ್ಟಿಂಗಿಗೆ ಹೋಗಿ ಬದಲಾಯಿಸಬೇಕು, ಅಷ್ಟರಲ್ಲಿ ಗಿರಾಕಿ ಬಸ್ಸು ಹತ್ತಿರುತ್ತಾನೆ. ಹೊಸ ಫೋನಿಗೆ ಸದ್ಯ ದುಡ್ಡಿಲ್ಲ. ಐದಕ್ಕೆ ಮೂರು. ಸಂದೇಶದ ಭಾಷೆಯನ್ನು ಬದಲಿಸಿಕೊಡಬೇಕೆಂದು ಶಾಖೆಗೆ ಅರ್ಜಿ ಕೊಟ್ಟು ಎರಡು ತಿಂಗಳಾಯಿತು. ನಿನ್ನೆ ಬಂದ ಸಂದೇಶದಲ್ಲೂ ಅಂಕೆಗಳಷ್ಟೇ ಕೇಳಿದವು.