ಗೋಳದ 8 ಸಿಮೆಟ್ರಿ ಎಣಿಸಲು ಮೂರು ದಾರಿ: ನನ್ನ ಓಟು ತನಾಕಾಗೆ

ಒಂದೇ ಲೆಕ್ಕವನ್ನು ಮೂರು ರೀತಿ ಮಾಡಿ ನೋಡಿದೆ. ನನಗೆ ಒಗ್ಗಿದ್ದು ಗಣಿತಜ್ಞ ನೊಬೊರು ತನಾಕಾ ಅವರ 1970ರ ವಿಧಾನ. ಲೆಕ್ಕ ಇದು: ಎರಡು ಕಾಂಪ್ಲೆಕ್ಸ್ ಆಯಾಮದ ಜಾಗದಲ್ಲಿ 3 ಆಯಾಮದ ಗೋಳ ಇದೆ. ಸುತ್ತಲಿನ ಕಾಂಪ್ಲೆಕ್ಸ್ ಜಾಗದಿಂದ ಗೋಳಕ್ಕೆ ಬರುವ ರಚನೆಗೆ ಸಿಆರ್ ರಚನೆ ಅನ್ನುತ್ತಾರೆ. ಅದು ಕೆಡದ ಹಾಗೆ ಗೋಳವನ್ನು ಎಷ್ಟು ಸ್ವತಂತ್ರ ಬಗೆಯಲ್ಲಿ ಸರಿಸಬಹುದು? ಉತ್ತರ 8.

ಎಲಿ ಕಾರ್ಟಾನ್ 1932ರಲ್ಲೇ ಇದನ್ನು ಬಿಡಿಸಿದ್ದರು. ಅವರ ದಾರಿ ಗಟ್ಟಿ, ಆದರೆ ಉದ್ದ. ನನಗೆ ಸಿಗುವುದು ರಾತ್ರಿ ಊಟ ಆದ ಮೇಲಿನ ಒಂದು ಗಂಟೆ. ನಿನ್ನೆ ಎಲ್ಲಿಗೆ ಬಿಟ್ಟೆ ಅಂತ ಹುಡುಕುವುದರಲ್ಲೇ ಅದು ಮುಗಿಯುತ್ತಿತ್ತು.

ತನಾಕಾ ದಾರಿಯಲ್ಲಿ ಲೀ ಆಲ್ಜಿಬ್ರಾವನ್ನು (ಚಿಕ್ಕ ಚಿಕ್ಕ ಸರಿಸುವಿಕೆಗಳ ಲೆಕ್ಕ; ಅವುಗಳಲ್ಲಿ ಎರಡನ್ನು ಬೆಸೆಯುವುದೇ ಬ್ರಾಕೆಟ್) ಮಹಡಿ ಮಹಡಿಯಾಗಿ ಕಟ್ಟುತ್ತಾ ಹೋಗಬೇಕು. ನೆಲದ ಕೆಳಗೆ ಹೈಸೆನ್‌ಬರ್ಗ್ ಆಲ್ಜಿಬ್ರಾ ಅನ್ನುವ 3 ಆಯಾಮದ ತಳಪಾಯ: −2ನೇ ಮಹಡಿಯಲ್ಲಿ ಆಯಾಮ 1, −1ರಲ್ಲಿ 2. ಅದರ ಮೇಲೆ 0ನೇ ಮಹಡಿ. ನಾನು ಎಡವಿದ್ದು ಇಲ್ಲೇ.

0ನೇ ಮಹಡಿಗೆ ಎಲ್ಲ 2×2 ಮ್ಯಾಟ್ರಿಕ್ಸ್‌ಗಳನ್ನೂ ಸೇರಿಸಿಬಿಟ್ಟೆ. ಆಯಾಮ 4 ಬಂತು. ಮುಂದಿನ ಮಹಡಿಗೆ 6, ಆಮೇಲೆ 9, ಆಮೇಲೆ 12. ಕಟ್ಟಡ ನಿಲ್ಲುತ್ತಲೇ ಇಲ್ಲ! ಎರಡು ರಾತ್ರಿ ಬ್ರಾಕೆಟ್‌ಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಎಲ್ಲೂ ತಪ್ಪಿಲ್ಲ.

ತಪ್ಪು ಕೂಡುವ ಕಳೆಯುವುದರಲ್ಲಿ ಇರಲಿಲ್ಲ. −1ನೇ ಮಹಡಿಯಲ್ಲಿ 90 ಡಿಗ್ರಿ ತಿರುಗಿಸುವ ಜೆ ಅಂತ ಒಂದು ಇದೆ, ಐನಿಂದ (−1ರ ವರ್ಗಮೂಲದಿಂದ) ಗುಣಿಸುವುದು ಅಂದರೆ ಅದೇ. ಸಿಆರ್ ರಚನೆಯ ಜೀವ ಅದು. ಅದನ್ನೇ ಮರೆತಿದ್ದೆ. ಜೆ ಬಿಟ್ಟರೆ ಉಳಿಯುವುದು ಬರೀ ಕಾಂಟ್ಯಾಕ್ಟ್ ರಚನೆ (ಪ್ರತಿ ಬಿಂದುವಿನಲ್ಲೂ ಒಂದು ಸಮತಲ, ಅಷ್ಟೇ), ಅದರ ಸಿಮೆಟ್ರಿಗಳಿಗೆ ಕೊನೆಯೇ ಇಲ್ಲ. ಮ್ಯಾಟ್ರಿಕ್ಸ್ ಜೆ ಜೊತೆ ಕಮ್ಯೂಟ್ ಆಗಬೇಕು (ಯಾವುದನ್ನು ಮೊದಲು ಮಾಡಿದರೂ ಫಲ ಒಂದೇ) ಅಂದ ಕೂಡಲೇ ಮೇಲಿನ ಸಾಲು ಎ, −ಬಿ; ಕೆಳಗಿನ ಸಾಲು ಬಿ, ಎ ಆಗುತ್ತದೆ. ಹಿಗ್ಗಿಸುವುದು ಒಂದು, ತಿರುಗಿಸುವುದು ಒಂದು, ಅಷ್ಟೇ. 4 ಇದ್ದದ್ದು 2ಕ್ಕೆ ಇಳಿಯಿತು. ಮೇಲೆ 2, ಅದರ ಮೇಲೆ 1, ಆಮೇಲೆ ಸೊನ್ನೆ. 1+2+2+2+1 ಅಂದರೆ 8, ಇದೇ ಎಸ್‌ಯು(2,1) ಅನ್ನುವ ಸಿಮೆಟ್ರಿ ಗುಂಪಿನ ಲೀ ಆಲ್ಜಿಬ್ರಾ. ಒಂದೇ ಪುಟದಲ್ಲಿ ಮುಗಿಯಿತು.

ಮೂರನೇ ದಾರಿ, ಚರ್ನ್ ಮತ್ತು ಮೋಸರ್ ಅವರ 1974ರ ನಾರ್ಮಲ್ ಫಾರ್ಮ್ (ಸಮೀಕರಣವನ್ನು ಆದಷ್ಟು ಸರಳ ರೂಪಕ್ಕೆ ತರುವುದು), ಬೇರೆಯೇ ಕೆಲಸಕ್ಕೆ ಒಳ್ಳೆಯದು. ಕೈಯಲ್ಲಿ ಒಂದು ಸಮೀಕರಣ ಇದೆ, ಅದು ಗೋಳದಿಂದ ಎಷ್ಟು ದೂರ ಅಂತ ತಿಳಿಯಬೇಕು ಅನ್ನಿ. ಆಗ ಝಡ್‌ನ 4ನೇ ಘಾತ, ಝಡ್ ಬಾರ್‌ನ 2ನೇ ಘಾತ ಇರುವ ಪದದ ಗುಣಾಂಕ ನೋಡಿದರಾಯಿತು. ಗೋಳದಿಂದ ಬೇರೆ ಅಂತ ಮೊದಲು ಸುಳಿವು ಕೊಡುವುದು ಅದೇ. ತನಾಕಾ ಲೆಕ್ಕ ಹೇಳುವುದು 8ಕ್ಕಿಂತ ಜಾಸ್ತಿ ಇರಲ್ಲ ಅಂತ ಮಾತ್ರ. ಆದರೆ ನಾರ್ಮಲ್ ಫಾರ್ಮ್ ಒಂದೇ ಅಲ್ಲ, 5 ಪ್ಯಾರಾಮೀಟರ್‌ಗಳ ಸ್ವಾತಂತ್ರ್ಯ ಉಳಿದೇ ಇರುತ್ತದೆ. ಆ 5 ಏನು ಅಂತ ನನಗೆ ಹೊಳೆದದ್ದೂ ಮಹಡಿಗಳನ್ನು ಕಟ್ಟಿದ್ದರಿಂದಲೇ: 0, 1, 2ರಲ್ಲಿ ಇದ್ದ 2+2+1.

ಲೆವಿ ಫಾರ್ಮ್ (ಮೇಲ್ಮೈ ಕಾಂಪ್ಲೆಕ್ಸ್ ದಿಕ್ಕುಗಳಲ್ಲಿ ಎಷ್ಟು ಬಾಗಿದೆ ಅಂತ ಹೇಳುವುದು) ಡಿಜೆನರೇಟ್ ಆದರೆ, ಅಂದರೆ ಯಾವುದೋ ದಿಕ್ಕಿನಲ್ಲಿ ಬಾಗು ಇಲ್ಲದೇ ಹೋದರೆ, ತನಾಕಾ ವಿಧಾನ ಇದ್ದ ಹಾಗೇ ನಡೆಯಲ್ಲ, ನೆನಪಿರಲಿ.

ನನ್ನ ಹತ್ತಿರ ಇರುವುದು ಪೆನ್ಸಿಲ್ಲು, ನೋಟ್‌ಬುಕ್ಕು, ಒಂದು ಗಂಟೆ. ನಿನ್ನೆ ರಾತ್ರಿ 5 ಆಯಾಮದ ಗೋಳಕ್ಕೂ ಒಂದೇ ಪುಟ ಸಾಕಾಯಿತು: 1+4+5+4+1, ಒಟ್ಟು 15.