ಮಗಳ ಇನ್ಹೇಲರ್‌ಗೆ ಸೆನ್ಸರ್ ಹಾಕಿ 14 ತಿಂಗಳು

"ದಿನಾ ತಗೋತಿದೀಯಾ ಪುಟ್ಟಾ?"
"ಹೂಂ ಡಾಕ್ಟ್ರೇ."

ಪ್ರತಿ ಸಲ ಹೋದಾಗಲೂ ಇಷ್ಟೇ ಮಾತು. ಮಗಳಿಗೆ ಈಗ 13 ವರ್ಷ, ಉಬ್ಬಸ ಶುರುವಾಗಿದ್ದು ಆರನೇ ವಯಸ್ಸಿಗೆ. ಬೆಳಿಗ್ಗೆ, ರಾತ್ರಿ ತಪ್ಪದೆ ತಗೊಳ್ಳಬೇಕಾದ ಸ್ಟೀರಾಯ್ಡ್ ಪಂಪ್ (ಇನ್ಹೇಲರ್) ಒಂದು. ಉಸಿರು ಕಟ್ಟಿದಾಗ ಮಾತ್ರ ತಗೊಳ್ಳುವ ನೀಲಿ ಪಂಪ್ ಇನ್ನೊಂದು. ಅವಳ "ಹೂಂ" ನಾವು ನಂಬಿದೆವು. ಡಾಕ್ಟರೂ ನಂಬಿ ಡೋಸ್ ಏರಿಸಿದರು. ಒಂದು ರಾತ್ರಿ ಎಮರ್ಜೆನ್ಸಿಗೆ ಓಡಿ ನೆಬ್ಯುಲೈಜರ್ ಹಾಕಿಸಿಕೊಂಡು ಬಂದ ಮೇಲೆ, ಈ ಸೆನ್ಸರ್ ವಿಷಯ ಎತ್ತಿದ್ದು ಅವರೇ.

ನಮ್ಮದು ಕ್ಯಾನಿಸ್ಟರಿನ, ಅಂದರೆ ಪಂಪಿನೊಳಗೆ ಔಷಧಿ ಇರುವ ಡಬ್ಬಿಯ, ತಲೆಯ ಮೇಲೆ ಟೋಪಿಯಂತೆ ಕೂರುವ ಸಣ್ಣ ಸಾಧನ. ಪಂಪ್ ಒತ್ತಿದಾಗೆಲ್ಲ ದಿನ, ಗಂಟೆ ಬರೆದುಕೊಂಡು ಬ್ಲೂಟೂತ್‌ನಲ್ಲಿ ಫೋನಿಗೆ ಕಳಿಸುತ್ತದೆ. ಎರಡೂ ಪಂಪಿಗೆ ಒಂದೊಂದು ಹಾಕಿದೆವು.

ಮೊದಲ ತಿಂಗಳು 60 ಸಲ ತಗೊಳ್ಳಬೇಕಿದ್ದ ಸ್ಟೀರಾಯ್ಡ್ ಪಂಪ್, ತಗೊಂಡಿದ್ದು 27 ಸಲ. ಪಟ್ಟಿ ನೋಡಿ ನನಗೆ ಅಳು ಬಂತು. ಡಾಕ್ಟರ್ ಮಾತ್ರ ಬೈಯಲಿಲ್ಲ. "ಔಷಧಿ ಕೆಲಸ ಮಾಡ್ತಿಲ್ಲ ಅಂದ್ಕೊಂಡಿದ್ವಿ, ಅದು ಒಳಗೇ ಹೋಗ್ತಿರ್ಲಿಲ್ಲ" ಅಂದರು. ಆ ಸಲ ಡೋಸ್ ಏರಿಸಲಿಲ್ಲ. ನನ್ನ ಮಟ್ಟಿಗೆ ಕೊಟ್ಟ ದುಡ್ಡು ಅವತ್ತೇ ವಸೂಲಾಯಿತು.

ನೀಲಿ ಪಂಪಿನ ಲೆಕ್ಕ ಇನ್ನೂ ಜಾಸ್ತಿ ಹೇಳಿತು. ಮಂಗಳವಾರ, ಶುಕ್ರವಾರ, ಹೆಚ್ಚುಕಮ್ಮಿ ಹನ್ನೊಂದೂವರೆಗೆ ಎರಡು ಪಫ್. ಪ್ರತಿ ವಾರವೂ ಅದೇ. ಸ್ಕೂಲ್ ಟೈಮ್‌ಟೇಬಲ್ ತೆಗೆದು ನೋಡಿದರೆ ಅದು ಪಿ.ಟಿ. ಪಿರಿಯಡ್. ಓಡಿ ದಮ್ಮು ಹತ್ತಿದರೆ ಟಾಯ್ಲೆಟ್‌ಗೆ ಹೋಗಿ, ಬಾಗಿಲು ಹಾಕಿಕೊಂಡು ಪಂಪ್ ಒತ್ತುತ್ತಿದ್ದಳಂತೆ, ಗೆಳತಿಯರು ನೋಡಬಾರದು ಅಂತ. ಈಗ ಡಾಕ್ಟರ್ ಹೇಳಿದಂತೆ ಆಟಕ್ಕೆ ಹದಿನೈದು ನಿಮಿಷ ಮುಂಚೆಯೇ ತಗೊಳ್ಳುತ್ತಾಳೆ. ಪಿ.ಟಿ. ಮೇಷ್ಟ್ರಿಗೂ ವಿಷಯ ಗೊತ್ತು. ಒಂದು ನೀಲಿ ಕ್ಯಾನಿಸ್ಟರಿನಲ್ಲಿ 200 ಪಫ್ ಇರುತ್ತದೆ. ವರ್ಷಕ್ಕೆ ಮೂರು ಅಥವಾ ಜಾಸ್ತಿ ಖಾಲಿಯಾದರೆ ಉಬ್ಬಸ ಜೋರಾಗಿ ಕೆರಳುವ ಅಪಾಯ ಹೆಚ್ಚು. ನಾವು ಎಷ್ಟು ತಂದಿದ್ದೆವು ಅಂತ ಒಂದು ದಿನವೂ ಎಣಿಸಿರಲಿಲ್ಲ.

ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಗೊತ್ತಾದರೆ ಕಾರಣ ಹುಡುಕುವುದು ಸುಲಭ. 1980ರ ದಶಕದಲ್ಲಿ ಬಾರ್ಸಿಲೋನಾದಲ್ಲಿ ಕೆಲವು ದಿನ ಮಾತ್ರ ಹತ್ತಾರು ಜನ ಉಬ್ಬಸದಿಂದ ಆಸ್ಪತ್ರೆಗೆ ಓಡುತ್ತಿದ್ದರು. ಬಂದರಿನಲ್ಲಿ ಸೋಯಾಬೀನ್ ಇಳಿಸುವಾಗ ಏಳುವ ಧೂಳು ಕಾರಣ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಲೂಯಿವಿಲ್ ನಗರದಲ್ಲಿ ಸಾವಿರಕ್ಕೂ ಹೆಚ್ಚು ಜನರ ಇನ್ಹೇಲರ್‌ಗೆ ಇಂಥದ್ದೇ ಸೆನ್ಸರ್ ಹಾಕಿದ್ದರು. ಅವರಲ್ಲಿ ತುರ್ತು ಪಂಪಿನ (ನಮ್ಮ ನೀಲಿಯಂಥದ್ದು) ಬಳಕೆ ಸರಾಸರಿ 78% ಇಳಿಯಿತು ಅಂತ 2018ರಲ್ಲಿ ವರದಿ ಬಂತು.

ಇನ್ನು ತೊಂದರೆಗಳು. ನಮ್ಮ ಸೆನ್ಸರ್ ಲೆಕ್ಕ ಹಾಕುವುದು ಒತ್ತಿದ್ದನ್ನು, ಉಸಿರೆಳೆದದ್ದನ್ನಲ್ಲ. ಮೂರನೇ ತಿಂಗಳು ರೂಮಿಗೆ ಹೋದರೆ, ಮಗಳು ಕಿಟಕಿ ಹತ್ತಿರ ನಿಂತು ಗಾಳಿಗೆ ಎರಡು ಸಲ ಒತ್ತುತ್ತಿದ್ದಳು. ಮೌತ್‌ಪೀಸಿನ ಮುಚ್ಚಳ ಮೇಜಿನ ಮೇಲೆ, ಔಷಧಿ ಸರಿಯಾಗಿ ಒಳಗೆ ಹೋಗಲೆಂದು ಪಂಪಿಗೆ ಸಿಕ್ಕಿಸುವ ಕೊಳವೆ, ಸ್ಪೇಸರ್, ಇನ್ನೂ ಡಬ್ಬಿಯಲ್ಲಿ. ನನ್ನ ಫೋನಿನಲ್ಲಿ ಹಸಿರು ಟಿಕ್ ಬಂತು. ಕೇಳಿದ್ದಕ್ಕೆ, "ಟಿಕ್ ಬರದಿದ್ರೆ ನೀನು ಆಫೀಸಿಂದ ಫೋನ್ ಮಾಡ್ತೀಯಲ್ಲಮ್ಮ" ಅಂದಳು. ತಪ್ಪು ನನ್ನದೇ. ಹತ್ತು ಸಲ ಫೋನ್ ಮಾಡಿ ಅವಳನ್ನು ಕಾವಲಲ್ಲಿ ಇಟ್ಟಂತೆ ಮಾಡಿದ್ದೆ. ಅವತ್ತೇ ನನ್ನ ಫೋನಿಗೆ ಬರುವ ಅಲರ್ಟ್ ನಿಲ್ಲಿಸಿದೆ. ಭಾನುವಾರ ರಾತ್ರಿ ಇಬ್ಬರೂ ಕೂತು ವಾರದ್ದು ನೋಡೋಣ ಅಂತ ಮಾತಾಯಿತು. ಈಗ ತಿಂಗಳಿಗೆ 50 ಸಲಕ್ಕಿಂತ ಕಮ್ಮಿ ಆಗಿಲ್ಲ. ಮಕ್ಕಳಿಗೆ ತಗೊಳ್ಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹೊಸ ಕ್ಯಾನಿಸ್ಟರ್ ಹಾಕಿದಾಗ ಗಾಳಿಗೆ ಬಿಡುವ ಟ್ರಯಲ್ ಪಫ್ ಕೂಡ ಲೆಕ್ಕಕ್ಕೆ ಸೇರುತ್ತದೆ, ನಾವೇ ಅಳಿಸಬೇಕು. ಫೋನ್ ಬದಲಿಸಿದಾಗ ಎರಡು ತಿಂಗಳ ಲೆಕ್ಕ ಹೋಯಿತು, ಕಸ್ಟಮರ್ ಕೇರ್‌ನವರಿಂದ ಏನೂ ಆಗಲಿಲ್ಲ. ಆಪ್‌ನಲ್ಲಿ ಕನ್ನಡ ಇಲ್ಲ. ಇದೇ ಉಬ್ಬಸ ಇರುವ ನಮ್ಮತ್ತೆಗೆ ಇದರಿಂದ ಉಪಯೋಗವಿಲ್ಲ, ಅವರು ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಹೇಲರ್ ಬಳಸುತ್ತಾರೆ, ಅದಕ್ಕೆ ಇದು ಕೂರುವುದಿಲ್ಲ. ಇನ್ನೊಂದು ಚಿಂತೆಯೂ ಇದೆ, ನಮ್ಮದನ್ನೂ ಕಂಪನಿ ನಿಲ್ಲಿಸಿಬಿಟ್ಟರೆ ಅಂತ. ಪಂಪಿನೊಳಗೇ ಸೆನ್ಸರ್ ಇದ್ದ ಡಿಜಿಹೇಲರ್ ಅನ್ನು ಟೆವಾ ಕಂಪನಿ ಅಮೆರಿಕದಲ್ಲಿ 2024ರಲ್ಲಿ ನಿಲ್ಲಿಸಿತು. ಹಾಗಾಗಿ ನಾನು ತಿಂಗಳಿಗೊಮ್ಮೆ ಲೆಕ್ಕದ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ.

ಡಾಕ್ಟರ್ ಲೆಕ್ಕ ನೋಡುವವರಾಗಿದ್ದರೆ ಮಾತ್ರ ತಗೊಳ್ಳಿ. ನೋಡದಿದ್ದರೆ ಸುಮ್ನೆ ಖರ್ಚು.

ದಸರಾ ಮುಗಿದ ಮೇಲೆ ತೋರಿಸಲು ಹೋಗಿದ್ದೆವು. ನೀಲಿ ಪಂಪಿನ ಸಾಲು ಒಂದು ಕಡೆ ಎದ್ದು ಕಾಣುತ್ತಿತ್ತು, ಒಂದೇ ದಿನ ಆರು ಪಫ್. ಡಾಕ್ಟರ್ ಕೇಳುವ ಮೊದಲೇ ಮಗಳು ಬೆರಳಿಟ್ಟು ತೋರಿಸಿದಳು. "ಇದು ಅಟ್ಟದಿಂದ ಬೊಂಬೆ ಪೆಟ್ಟಿಗೆ ಇಳಿಸಿದ ದಿನ. ಮುಂದಿನ ವರ್ಷ ಧೂಳು ಒರೆಸಿ ಆದ್ಮೇಲೇ ನಾನು ರೂಮಿಗೆ ಬರ್ತೀನಿ."