ಕಾರ್ಪೆಟ್ ಚಿಗಟಕ್ಕೆ ಉಪ್ಪು, ಪೌಡರ್, ಸ್ಟೀಮ್, ಸ್ಪ್ರೇ, ವ್ಯಾಕ್ಯೂಮ್: ಎಲ್ಲಾ ಮಾಡಿ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಕೀಟಶಾಸ್ತ್ರ ಓದಿದವನಲ್ಲ. ಮನೇಲಿ ಒಂದು ಬೆಕ್ಕು, ಮೂರು ರೂಮಲ್ಲಿ ಕಾರ್ಪೆಟ್, ಆ ಕಾರ್ಪೆಟ್ ತುಂಬಾ ಚಿಗಟ, ಇಷ್ಟೇ ನನ್ನ ಅರ್ಹತೆ. ಮೂರು ತಿಂಗಳಿಗೂ ಜಾಸ್ತಿ ಇದರ ಜೊತೆ ಗುದ್ದಾಡಿದೀನಿ, ಯಾರು ಏನು ಹೇಳಿದ್ರೂ ಮಾಡಿದೀನಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದಂಡ. ನೀವು ಅದೇ ದಂಡ ತೆರಬೇಡಿ ಅಂತ ಬರೀತಿದೀನಿ.

ಅಳತೆ ಹೇಗೆ ಮಾಡ್ದೆ ಅಂದ್ರೆ ಬಿಳಿ ಸಾಕ್ಸ್. ಮೊಣಕಾಲವರೆಗೆ ಎಳ್ಕೊಂಡು ಒಂದೊಂದು ರೂಮಲ್ಲೂ ಐದೈದು ನಿಮಿಷ ಕಾಲು ಎಳೆದಾಡ್ಕೊಂಡು ಓಡಾಡೋದು, ಆಮೇಲೆ ಸಾಕ್ಸ್ ಮೇಲೆ ಎಷ್ಟು ಕಪ್ಪು ಚುಕ್ಕೆ ಹತ್ತಿದೆ ಅಂತ ಎಣಿಸಿ ಒಂದು ಹಾಳೇಲಿ ಬರೆಯೋದು. ಅಮ್ಮ ನೋಡಿ "ಏನೋ ಇದು, ಪರೇಡ್ ಮಾಡ್ತಿದೀಯಾ" ಅಂತ ನಕ್ಕಿದ್ರು, ನಗಲಿ, ಆದ್ರೆ ಲೆಕ್ಕ ಇಲ್ದೆ ಹೋಗಿದ್ರೆ ಯಾವ್ದು ಕೆಲಸ ಮಾಡ್ತು ಯಾವ್ದು ಮಾಡ್ಲಿಲ್ಲ ಅಂತ ನಂಗೂ ಗೊತ್ತಾಗ್ತಿರ್ಲಿಲ್ಲ, ಯಾಕಂದ್ರೆ ಒಂದು ಸಲ ಕಚ್ಚಿಸ್ಕೊಂಡ ಮೇಲೆ ಸುಮ್ನೆ ಕೂತಿದ್ರೂ ಮೈಯೆಲ್ಲಾ ಕಚ್ಚಿದ ಹಾಗೇ ಅನ್ಸುತ್ತೆ.

ಮೊದಲು ಉಪ್ಪು. ಎಲ್ರೂ ಹೇಳೋದು ಅದನ್ನೇ, ಪುಡಿ ಉಪ್ಪು ಉದುರಿಸಿ ಬಿಡಿ ಚಿಗಟ ಒಣಗಿ ಸಾಯುತ್ತೆ ಅಂತ. ಹಾಲ್ ಪೂರ್ತಿ ಉದುರಿಸಿ ಬ್ರಶ್ ಮಾಡಿ ಮೂರು ದಿನ ಬಿಟ್ಟೆ. ಅಮ್ಮ "ಕಾರ್ಪೆಟ್ನ ಉಪ್ಪಿನಕಾಯಿ ಹಾಕ್ತಿದೀಯೇನೋ" ಅಂದ್ರು. ಸಾಕ್ಸ್ ಲೆಕ್ಕ ಮೊದಲು 23, ಆಮೇಲೆ 25. ಮೋಡ ಹಾಕಿದ ಎರಡು ದಿನದಲ್ಲಿ ಉಪ್ಪು ಗಾಳೀಲಿರೋ ತೇವ ಎಳ್ಕೊಂಡು ಕಾರ್ಪೆಟ್ ಜಿಗುಟಾಯ್ತು. ಚಿಗಟದ ಮರಿಹುಳ ಸಾಯೋದೇ ಒಣ ಗಾಳೀಲಿ, ತೇವಾಂಶ ಶೇಕಡಾ 50ಕ್ಕಿಂತ ಕಡಿಮೆ ಆದ್ರೆ ಅದಕ್ಕೆ ಉಳಿಗಾಲ ಇಲ್ಲ, ನಾನು ನೋಡಿದ್ರೆ ತೇವ ಕರೆದು ಕೂರಿಸ್ದಂಗಾಯ್ತು. ಬೇಕಿಂಗ್ ಸೋಡಾನೂ ಅದೇ ಕಥೆ, ವಾಸನೆ ಹೋಯ್ತು, ಚಿಗಟ ಹೋಗ್ಲಿಲ್ಲ.

ಕಿವಿಗೆ ಕೇಳದ ಸದ್ದಲ್ಲಿ ಹುಳ ಓಡಿಸ್ತೀವಿ ಅನ್ನೋ, ಪ್ಲಗ್‌ಗೆ ಹಾಕೋ ಅಲ್ಟ್ರಾಸೋನಿಕ್ ಡಬ್ಬಿ ಬಗ್ಗೆ ಒಂದೇ ಮಾತು: ತಗೋಬೇಡಿ.

ಆಮೇಲೆ ಡಯಟಮೇಷಿಯಸ್ ಅರ್ತ್ ಅನ್ನೋ ಬಿಳಿ ಪುಡಿ. ಇದು ಸುಳ್ಳಲ್ಲ, ಹಿಂದೆ ನೀರಲ್ಲಿದ್ದ ಸೂಕ್ಷ್ಮ ಪಾಚಿಗಳ ಚಿಪ್ಪಿನ ಪುಡಿ ಅದು, ಹುಳದ ಮೈಮೇಲಿರೋ ಮೇಣದಂಥ ಪದರ ಕೆರೆದು ಹೀರ್ಕೊಂಡು ಒಣಗಿಸಿ ಸಾಯಿಸುತ್ತೆ. ಆದ್ರೆ ಪುಡಿ ಒಣಗಿರೋವರೆಗೂ ಮಾತ್ರ. ಜೊತೆಗೆ ಅದನ್ನ ಹಾಕೋವಾಗ ಎದ್ದ ಧೂಳಿಗೆ ನಾನು ಎರಡು ದಿನ ಕೆಮ್ಮಿದೀನಿ (ಮಾಸ್ಕ್ ಹಾಕ್ಕೊಳ್ಳದೆ ಮಾಡಿದ್ದು ನನ್ನ ದಡ್ಡತನ), ತೆಗೆಯೋವಾಗ ವ್ಯಾಕ್ಯೂಮ್ ಫಿಲ್ಟರ್ ಕಟ್ಕೊಂಡು ಮೋಟರ್ ಕೂಗೋಕೆ ಶುರು ಮಾಡ್ತು. ಚಿಕ್ಕ ರೂಮಲ್ಲಿ ಹಾಕಿದ್ದೆ, ಸ್ವಲ್ಪ ಕಡಿಮೆ ಆದಂಗೆ ಅನ್ಸ್ತು, ಎರಡನೇ ಸಲ ಕೈ ಹಾಕೋ ಮನಸ್ಸು ಬರ್ಲಿಲ್ಲ.

ಫಾಗರ್, ಅಂದ್ರೆ ರೂಮ್ ಮಧ್ಯ ಇಟ್ಟು ಬಟನ್ ಒತ್ತಿ ಓಡೋಗೋ ಕ್ಯಾನ್. ಇದರ ಮೇಲೆ ನಂಗೆ ಬಹಳ ನಂಬಿಕೆ ಇತ್ತು. ಸಾಮಾನೆಲ್ಲಾ ಮುಚ್ಚು, ಉರಿಯೋ ಜ್ವಾಲೆ ಏನೂ ಇರದ ಹಾಗೆ ನೋಡ್ಕೋ (ಒಳಗಿರೋ ಗ್ಯಾಸ್ ಹೊತ್ಕೊಳ್ಳುತ್ತೆ), ಗಂಟೆಗಟ್ಲೆ ಹೊರಗಿರು, ವಾಪಸ್ ಬಂದು ಕಿಟಕಿ ತೆಗೆ, ಇಷ್ಟೆಲ್ಲಾ ಮಾಡಿದ ಮೇಲೆ ಮಂಚದ ಕೆಳಗೆ ಕಾಲಿಟ್ರೆ ಅಲ್ಲಿ ಚಿಗಟ ಆರಾಮಾಗಿ ನೆಗೀತಿದೆ. ಮಂಜು ಮೇಲಿಂದ ಕೆಳಗೆ ಬೀಳೋದು, ಬಿದ್ದ ಕಡೆ ಮಾತ್ರ ಅಂಟೋದು. ಮಂಚದ ಅಡಿ, ಸೋಫಾ ಅಡಿ, ಕಾರ್ಪೆಟ್ ಎಳೆಗಳ ಬುಡ, ಈ ಯಾವುದಕ್ಕೂ ಅದು ತಲುಪಲ್ಲ. ಚಿಗಟದ ಮರಿ ಇರೋದು ಸರಿಯಾಗಿ ಅಲ್ಲೇ, ಬೆಳಕು ಕಂಡ್ರೆ ಅದಕ್ಕೆ ಆಗಲ್ಲ, ಬುಡಕ್ಕೆ ಇಳಿಯುತ್ತೆ.

ಸ್ಟೀಮ್ ಮೆಷಿನ್ ಬಾಡಿಗೆಗೆ ತಂದು ಹಾಲ್‌ಗೆ ಹೊಡೆದೆ. ಬಿಸಿ ಬಿದ್ದ ಜಾಗದಲ್ಲಿ ಇದ್ದಿದ್ದು ಸತ್ತಿರುತ್ತೆ, ಅದರಲ್ಲಿ ಡೌಟಿಲ್ಲ. ಆದ್ರೆ ದಪ್ಪ ಕಾರ್ಪೆಟ್‌ನ ತಳದವರೆಗೆ ಅಷ್ಟೇ ಬಿಸಿ ಇಳಿಯಲ್ಲ, ಬೇಗ ಬೇಗ ಎಳೆದ್ರೆ ಅಂತೂ ಇಲ್ವೇ ಇಲ್ಲ, ಮೇಲಾಗಿ ಎರಡು ದಿನ ಒಣಗ್ಲಿಲ್ಲ. ಮೂರನೇ ದಿನ ಸಾಕ್ಸ್ ಲೆಕ್ಕ 28! ಆಗ ತಲೆ ಕೆಟ್ಟೋಗಿತ್ತು, ಈಗ ಅರ್ಥ ಆಗುತ್ತೆ ಯಾಕೆ ಅಂತ, ಅದನ್ನ ಮುಂದೆ ಹೇಳ್ತೀನಿ.

ಇಲ್ಲಿಗೆ ಎರಡು ಮೂರು ವಾರ ಆಗಿತ್ತು, ನಾವೆಲ್ಲಾ ಹನ್ನೆರಡು ದಿನ ಬೇರೆ ಕಡೆ ಹೋಗ್ಬೇಕಿತ್ತು, ಬೆಕ್ಕನ್ನ ಅಕ್ಕನ ಮನೇಲಿ ಬಿಟ್ವಿ. ನಾನು ಒಳಗೊಳಗೇ ಖುಷಿ ಪಟ್ಟೆ, ಮನೇಲಿ ರಕ್ತ ಇರೋ ಪ್ರಾಣಿನೇ ಇಲ್ಲ ಅಂದ್ರೆ ಎಲ್ಲಾ ಹಸ್ಕೊಂಡು ಸಾಯುತ್ತೆ ಅಂತ. ವಾಪಸ್ ಬಂದು ಬಾಗಿಲು ತೆಗೆದು ಸೂಟ್‌ಕೇಸ್ ಇಟ್ಟು ಹಾಲ್ ಮಧ್ಯ ನಿಂತೆ ನೋಡಿ, ಒಂದು ನಿಮಿಷಕ್ಕೆ ಪ್ಯಾಂಟ್ ಮೇಲೆ ಎಣಿಸೋಕಾಗದಷ್ಟು. ಅಮ್ಮ ಬಾಗಿಲಲ್ಲೇ ನಿಂತ್ಕೊಂಡು ನಾನು ಒಳಗೆ ಬರಲ್ಲಪ್ಪ ಅಂದ್ಬಿಟ್ರು. ಅಕ್ಕ ಆ ಕಡೆಯಿಂದ ಫೋನ್ ಮಾಡಿ ನಿನ್ನ ಬೆಕ್ಕು ನಮ್ಮನೆಗೂ ಉಡುಗೊರೆ ತಂದಿದೆ ಅಂತ ಬೈದಿದ್ದು ಬೇರೆ.

ಮಾರನೇ ದಿನ ಬೆಕ್ಕನ್ನ ಎತ್ಕೊಂಡು ವೆಟ್ (ಪ್ರಾಣಿಗಳ ಡಾಕ್ಟ್ರು) ಹತ್ರ ಹೋದೆ, ಅವರು ಮೊದಲು ಕೇಳಿದ್ದೇ "ಇದಕ್ಕೆ ಏನು ಹಾಕಿದೀರಾ?" ಅಂತ. ಏನೂ ಹಾಕಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಅಷ್ಟು ದಿನ ಮಾಡಿದ್ದು ಅದನ್ನೇ. ದೊಡ್ಡ ಚಿಗಟ ವಾಸ ಮಾಡೋದು ಬೆಕ್ಕಿನ ಮೈಮೇಲೆ, ಒಂದು ಹೆಣ್ಣು ದಿನಕ್ಕೆ 40-50ರವರೆಗೂ ಮೊಟ್ಟೆ ಇಡುತ್ತೆ, ಅದು ಅಂಟಲ್ಲ, ಬೆಕ್ಕು ಮೈ ಕೊಡವಿದ್ರೆ ಕಾರ್ಪೆಟ್‌ಗೆ ಉದುರುತ್ತೆ. ಜೊತೆಗೆ ಕಪ್ಪು ಪುಡಿ ಉದುರುತ್ತಲ್ಲ (ಒದ್ದೆ ಟಿಶ್ಯೂ ಮೇಲಿಟ್ರೆ ಕೆಂಪಾಗುತ್ತೆ, ನೋಡಿ), ಅದು ಜೀರ್ಣ ಆದ ರಕ್ತ, ಮರಿಹುಳಕ್ಕೆ ಅದೇ ಊಟ. ಹುಳ ಬೆಳೆದು ರೇಷ್ಮೆಯಂಥ ಅಂಟು ಗೂಡು ಕಟ್ಕೊಳ್ಳುತ್ತೆ, ಆ ಗೂಡಿಗೆ ಸುತ್ತಲಿನ ಧೂಳೆಲ್ಲಾ ಮೆತ್ಕೊಂಡು ಕಣ್ಣಿಗೂ ಕಾಣಲ್ಲ, ಔಷಧಿಯೂ ಒಳಗೆ ಹೋಗಲ್ಲ. ಒಳಗೆ ಚಿಗಟ ರೆಡಿಯಾಗಿ ಕೂತಿರುತ್ತೆ, ಬಿಸಿ, ಅದುರು, ಉಸಿರಿನ ಗಾಳಿ ಸಿಕ್ಕಾಗ ಹೊರಗೆ ನೆಗೆಯುತ್ತೆ, ಸಿಗದಿದ್ರೆ ತಿಂಗಳುಗಟ್ಲೆ ಕಾಯುತ್ತೆ. ಖಾಲಿ ಮನೇಲಿ ಹನ್ನೆರಡು ದಿನ ಅವು ಹಸ್ಕೊಂಡಿರ್ಲಿಲ್ಲ, ನಮ್ಮನ್ನ ಕಾಯ್ತಿದ್ವು. ಸ್ಟೀಮ್ ಮಾಡಿದ ಮೇಲೆ ಲೆಕ್ಕ ಏರಿದ್ದೂ ಇದಕ್ಕೇ ಇರ್ಬೇಕು, ತಳದಲ್ಲಿದ್ದ ಗೂಡುಗಳನ್ನ ಬೆಚ್ಚಗೆ ಮಾಡಿ ಎಬ್ಬಿಸಿದ್ದೆ ಅಷ್ಟೇ. ಒಟ್ಟು ಚಿಗಟದಲ್ಲಿ ಕಣ್ಣಿಗೆ ಕಾಣೋ ದೊಡ್ಡವು ನೂರಕ್ಕೆ ಐದರಷ್ಟೇ, ಉಳಿದಿದ್ದು ಮೊಟ್ಟೆ, ಹುಳ, ಗೂಡು ಅಂತ ಲೆಕ್ಕ ಹೇಳ್ತಾರೆ.

ಹಾಗಾಗಿ ಉಪ್ಪು, ಪುಡಿ, ಫಾಗರ್‌ಗೆ ಮೇಲೆ ಕೊಟ್ಟ ತೀರ್ಪಲ್ಲಿ ಸ್ವಲ್ಪ ಅನ್ಯಾಯ ಇರ್ಬಹುದು, ಬೆಕ್ಕು ಮೇಲಿಂದ ಸುರೀತಾನೇ ಇತ್ತು, ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ. ಉಪ್ಪಿಗೆ ಮಾತ್ರ ಇನ್ನೊಂದು ಚಾನ್ಸ್ ಕೊಡೋದಿಲ್ಲ.

ಬೆಕ್ಕಿನ ಕತ್ತಿನ ಹಿಂದೆ ಚಿಗಟ ಸಾಯ್ಸೋ ಡ್ರಾಪ್ಸ್ ಹಾಕಿಸಿದ ಮೇಲೆ ನಿಜವಾದ ಪಂದ್ಯ ಶುರುವಾಯ್ತು. ಹಾಲ್‌ಗೆ ಸ್ಪ್ರೇ ಮತ್ತೆ ವ್ಯಾಕ್ಯೂಮ್, ಮಲಗೋ ರೂಮ್‌ಗೆ ಬರೀ ವ್ಯಾಕ್ಯೂಮ್ (ಮಲಗೋ ಕಡೆ ಕೆಮಿಕಲ್ ಬೇಡ ಅಂತ ಅಮ್ಮನ ಆರ್ಡರ್), ಚಿಕ್ಕ ರೂಮ್‌ಗೆ ಬೋರೇಟ್ ಪೌಡರ್, ಬಾಗಿಲು ಹಾಕಿ ಬೆಕ್ಕನ್ನ ಹೊರಗಿಟ್ಟು.

ಬೋರೇಟ್ (ಬೋರಾಕ್ಸ್ ಜಾತಿಯ ಪುಡಿ) ಬಗ್ಗೆ: ಇದನ್ನ ಮರಿಹುಳ ತಿನ್ನಬೇಕು, ತಿಂದ್ರೆ ಸಾಯುತ್ತೆ. ಬ್ರಶ್ಶಲ್ಲಿ ಬುಡದವರೆಗೆ ಇಳಿಸಿ ಮೇಲೆ ಉಳಿದಿದ್ದನ್ನ ಹಗುರಾಗಿ ಎಳ್ಕೊಂಡ್ರೆ ಕೆಳಗಿನ ಪುಡಿ ಬಹಳ ದಿನ ಕೆಲಸ ಮಾಡುತ್ತೆ, ಕಾರ್ಪೆಟ್ ಒದ್ದೆ ಮಾಡೋ ಹಾಗಿಲ್ಲ. ದೊಡ್ಡ ಚಿಗಟಕ್ಕೆ ಏನೂ ಆಗಲ್ಲ, ಅದು ರಕ್ತ ಬಿಟ್ಟು ಬೇರೇನೂ ತಿನ್ನಲ್ವಲ್ಲ. ಸಾಕ್ಸ್ ಲೆಕ್ಕ ಮೊದಲ ದಿನ 12, ಒಂದು ವಾರಕ್ಕೂ 12, ಎರಡು ವಾರಕ್ಕೆ 10, ಇನ್ನೇನು ಬೈಯೋಣ ಅನ್ನೋವಾಗ ನಾಲ್ಕನೇ ವಾರ 3. ನಿಧಾನ, ಆದ್ರೆ ನಿಜ. ಅಂಬೆಗಾಲಿಡೋ ಮಗು ಇರೋ ಮನೇಲಿ ನಾನಂತೂ ಹಾಕಲ್ಲ, ಮೈ ನೆಕ್ಕೋ ಬೆಕ್ಕು ಓಡಾಡೋ ರೂಮಲ್ಲೂ ಹಾಕಲ್ಲ. ಅಂದ್ರೆ ಚಿಗಟ ಇರೋ ಮನೆಗಳಲ್ಲಿ ಅರ್ಧಕ್ಕೆ ಇದು ಆಗಿಬರಲ್ಲ, ಅದೇ ಇದರ ತೊಂದರೆ.

ಸ್ಪ್ರೇ ತಗೊಳ್ಳೋವಾಗ ಡಬ್ಬಿ ಹಿಂದೆ ಓದಿ. ದೊಡ್ಡ ಚಿಗಟ ಮಾತ್ರ ಸಾಯ್ಸೋದಾದ್ರೆ ಬೇಡ. ಪೈರಿಪ್ರಾಕ್ಸಿಫೆನ್ ಅಥವಾ ಮೆಥೊಪ್ರೀನ್ ಅಂತ ಇರ್ಬೇಕು, ಇವು ಹುಳದ ಬೆಳವಣಿಗೆಯ ಹಾರ್ಮೋನನ್ನ ನಕಲು ಮಾಡಿ ಹುಳ ದೊಡ್ಡದಾಗದ ಹಾಗೆ ತಡೀತವೆ, ಮೊಟ್ಟೆಗೂ ಪೆಟ್ಟು. ಬಿಸಿಲು ಬೀಳೋ ರೂಮ್ ಆದ್ರೆ ಪೈರಿಪ್ರಾಕ್ಸಿಫೆನ್ ವಾಸಿ, ಮೆಥೊಪ್ರೀನ್ ಬಿಸಿಲಿಗೆ ಬೇಗ ಹಾಳಾಗುತ್ತೆ. ಇನ್ನೊಂದು ಹೆಸರು ಪರ್ಮೆಥ್ರಿನ್, ಬಹಳ ಸ್ಪ್ರೇಲಿ ಇರುತ್ತೆ, ಅದು ಬೆಕ್ಕಿಗೆ ವಿಷ. ನನ್ನ ಡಬ್ಬೀಲೂ ಇತ್ತು, ಹಾಗಾಗಿ ಪೂರ್ತಿ ಒಣಗೋವರೆಗೂ ಬೆಕ್ಕು ಹಾಲ್ ಕಡೆ ಸುಳಿಯೋ ಹಾಗಿರ್ಲಿಲ್ಲ, ಒಣಗಿದ ಮೇಲೂ ಅರ್ಧ ದಿನ ಜಾಸ್ತಿನೇ ಕಾದೆ. ನಾಯಿಗೆ ಅಂತ ಕೊಡೋ ಡ್ರಾಪ್ಸಲ್ಲೂ ಅದು ಇರುತ್ತೆ, ಉಳಿದಿದೆ ಅಂತ ಬೆಕ್ಕಿಗೆ ಹಾಕಿ ಬಿಟ್ಟೀರ, ಪ್ರಾಣ ಹೋಗುತ್ತೆ.

ಹಾಲ್ ಲೆಕ್ಕ: 31ರಿಂದ ಒಂದು ವಾರಕ್ಕೆ 6. ಕುಣಿದಾಡಿಬಿಟ್ಟೆ. ಎರಡನೇ ವಾರ 14. ಇಲ್ಲೇ ಎಲ್ರೂ ಸೋಲೋದು, ಔಷಧಿ ಡೂಪ್ಲಿಕೇಟ್ ಅಂತ ಬೈದು ಇನ್ನೊಂದು ಡಬ್ಬಿ ತರ್ತಾರೆ, ನಾನೂ ಹೊರಟಿದ್ದೆ, ವೆಟ್ ಬೇಡ ಅಂದ್ರು. ಅದು ಹೊಸ ಸಂತಾನ ಅಲ್ಲ, ಸ್ಪ್ರೇ ಮಾಡೋ ಮುಂಚೆನೇ ಗೂಡಲ್ಲಿ ಕೂತಿದ್ದು ಈಗ ಹೊರಗೆ ಬರ್ತಿದೆ, ಅದು ಮುಗಿಯೋವರೆಗೆ ಕಾಯ್ಬೇಕು ಅಷ್ಟೇ. ನಾಲ್ಕನೇ ವಾರ 3, ಆರನೇ ವಾರ ಸೊನ್ನೆ.

ಈಗ ವ್ಯಾಕ್ಯೂಮ್, ಇದರ ಬಗ್ಗೆ ನಾನು ಮೊದಲು ಬಹಳ ತಾತ್ಸಾರ ಮಾಡಿದ್ದೆ. ಬರೀ ಗಾಳಿ ಎಳೆದ್ರೆ ಚಿಗಟ ಮೆಷಿನ್ ಹೊಟ್ಟೇಲಿ ಬದುಕಿ ವಾಪಸ್ ಬರುತ್ತೆ ಅಂದ್ಕೊಂಡು ಚೀಲದೊಳಗೆ ನುಸಿಗುಳಿಗೆ ಎಲ್ಲಾ ಹಾಕಿದ್ದೆ. ಬೇಕಾಗಿಲ್ಲ. ಓಹಿಯೋ ಸ್ಟೇಟ್ ಯೂನಿವರ್ಸಿಟಿಯವರು 2007ರಲ್ಲಿ ಪರೀಕ್ಷೆ ಮಾಡಿದ್ದಾರೆ, ವ್ಯಾಕ್ಯೂಮ್ ಒಳಗೆ ಹೋದ ದೊಡ್ಡ ಚಿಗಟದಲ್ಲಿ ನೂರಕ್ಕೆ 96 ಸತ್ತವು, ಮರಿಗಳು ಪೂರ್ತಿ ಸತ್ತವು, ಬ್ರಶ್ಶು ಗಾಳಿ ಎರಡೂ ಸೇರಿ ಅದರ ಮೈ ಮೇಲಿನ ಪದರ ಉಜ್ಜಿ ಹಾಕುತ್ತೆ ಅಂತ ಅವರ ಊಹೆ. ಜೊತೆಗೆ ಮೊಟ್ಟೆ ಹೋಗುತ್ತೆ, ಹುಳದ ಊಟ ಆ ಕಪ್ಪು ಪುಡಿ ಹೋಗುತ್ತೆ, ಅದುರಿಗೆ ಗೂಡಲ್ಲಿರೋದು ಎದ್ದು ಹೊರಗೆ ಬರುತ್ತೆ. ಸ್ಪ್ರೇಗೆ ಬಗ್ಗದ ಗೂಡನ್ನ ಬಗ್ಗಿಸೋದು ಈ ಕೂಗಾಡೋ ಮೆಷಿನ್ನು! ಮರಿಹುಳ ಮಾತ್ರ ಕಾರ್ಪೆಟ್ ಎಳೆಗೆ ಸುತ್ಕೊಂಡು ಹಿಡ್ಕೊಂಡ್ಬಿಡುತ್ತೆ, ಅದೆಲ್ಲಾ ಬರಲ್ಲ, ಅದಕ್ಕೇ ಒಂದೆರಡು ದಿನಕ್ಕೆ ನಿಲ್ಲಿಸೋ ಹಾಗಿಲ್ಲ.

ಮಲಗೋ ರೂಮಲ್ಲಿ ದಿನಾ ಎಳೆದೆ, ಗೋಡೆ ಅಂಚು, ಮಂಚದ ಅಡಿ, ಬೆಕ್ಕು ಮಲಗೋ ಮೂಲೆ ಎರಡೆರಡು ಸಲ, ಬೆಕ್ಕಿನ ಹಾಸಿಗೆ ವಾರಕ್ಕೊಂದು ಸಲ 60 ಡಿಗ್ರಿ ಬಿಸಿ ನೀರಲ್ಲಿ ಒಗೆದೆ. ಸಾಕ್ಸ್ ಲೆಕ್ಕ ಮೊದಲ ದಿನ 17, ಒಂದು ವಾರಕ್ಕೆ 9, ಎರಡು ವಾರಕ್ಕೆ 8, ನಾಲ್ಕನೇ ವಾರ 4, ಎಂಟನೇ ವಾರ ಸೊನ್ನೆ. ಸ್ಪ್ರೇಗಿಂತ ಎರಡು ವಾರ ತಡ, ಬೆನ್ನು ನೋವು ಎಕ್ಸ್ಟ್ರಾ, ಆದ್ರೆ ಕೆಮಿಕಲ್ ಒಂದು ಹನಿ ಇಲ್ಲ. ಒಂದು ವಿಷಯ ಒಪ್ಕೋಬೇಕು, ಔಷಧಿ ಹಾಕಿದ ಬೆಕ್ಕು ಆ ರೂಮಲ್ಲೇ ಮಲಗ್ತಿತ್ತು, ಹೊಸದಾಗಿ ಎದ್ದ ಚಿಗಟ ಅದರ ಮೇಲೆ ನೆಗೆದು ಅಲ್ಲೇ ಸಾಯ್ತಿತ್ತು, ನಡೆದಾಡೋ ಬೋನು ಇದ್ದಂಗೆ. ಬೋರೇಟ್ ಹಾಕಿದ ರೂಮಿಗೆ ಆ ಅನುಕೂಲ ಇರ್ಲಿಲ್ಲ, ಬಹುಶಃ ಅದಕ್ಕೇ ಮೊದಲು ಅಷ್ಟು ನಿಧಾನ ಆಗಿದ್ದು. ಹಾಗಾಗಿ ಬೆಕ್ಕಿಗೆ ಔಷಧಿ ಹಾಕಿದ್ಮೇಲೆ ಒಂದು ಮೂಲೇಲಿ ಕೂಡಿ ಹಾಕ್ಬೇಡಿ, ಮಾಮೂಲಿ ಓಡಾಡೋ ಕಡೆಯೆಲ್ಲಾ ಬಿಡಿ.

ರಾತ್ರಿ ದೀಪದ ಕೆಳಗೆ ಸೋಪು ನೀರಿನ ತಟ್ಟೆ ಇಡೋದು ಕೂಡ ಮಾಡ್ದೆ, ಬೆಳಿಗ್ಗೆ ನಾಲ್ಕೈದು ಬಿದ್ದಿರುತ್ತೆ, ನೋಡೋಕೆ ಖುಷಿ. ಮನೇಲಿ ಇದೆಯೋ ಇಲ್ವೋ ತಿಳಿಯೋಕೆ ಸರಿ, ಅದರಿಂದ ಖಾಲಿ ಆಗುತ್ತೆ ಅನ್ನೋದು ಆಸೆ.

ಇನ್ನೊಂದು ಸಲ ಬಂದ್ರೆ (ಬರದೇ ಇರ್ಲಿ) ನಾನು ಮೊದಲ ದಿನವೇ ಬೆಕ್ಕಿಗೆ ಡ್ರಾಪ್ಸ್, ಅವತ್ತೇ ವ್ಯಾಕ್ಯೂಮ್ ಹೊಡೆದು ಹಾಲ್‌ಗೆ ಒಂದೇ ಸಲ ಪೈರಿಪ್ರಾಕ್ಸಿಫೆನ್ ಸ್ಪ್ರೇ, ಆಮೇಲೆ ಎರಡು ತಿಂಗಳು ಬರೀ ವ್ಯಾಕ್ಯೂಮ್. ಎರಡನೇ ವಾರ ಲೆಕ್ಕ ಏರಿದ್ರೆ ಅಂಗಡಿಗೆ ಓಡಲ್ಲ. ಅಕ್ಕನ ಮನೇಲೂ ಚಿಗಟ ಹೀಗೇ ಹೋಯ್ತು, ಅವಳು ಇನ್ನೂ ನನ್ನನ್ನ ಪೂರ್ತಿ ಕ್ಷಮಿಸಿಲ್ಲ. ಆ ಬಿಳಿ ಸಾಕ್ಸ್ ಒಗೆದು ಬೇರೆ ಕವರಲ್ಲಿ ಹಾಕಿಟ್ಟಿದೀನಿ, ತಿಂಗಳಿಗೊಂದು ಸಲ ಹಾಕ್ಕೊಂಡು ಮೂರೂ ರೂಮ್ ಸುತ್ತುತೀನಿ, ಅಮ್ಮ ಮಾತ್ರ ಆ ಕವರ್ ಕೈಯಲ್ಲೂ ಮುಟ್ಟಲ್ಲ.